ಮೂರು ಸಲ ಕೇಳುವ ಹುಲಿಗೆವ್ವ

ಪುರ್ತಗೇರಿಯ ಕರಿಯವ್ವನನ್ನು ಹೊಲದಲ್ಲಿ ನೋಡಿದವರು ಬಯಲಾಟದ ಕಟ್ಟೆಯ ಮೇಲೆ ಗುರುತು ಹಿಡಿಯುವುದಿಲ್ಲ. ಹೊಲದಲ್ಲಿ ಅವಳು ಐವತ್ನಾಲ್ಕರ ಹೆಂಗಸು. ಸೀರೆಯ ಮೇಲೆ ಗಂಡನ ಹಳೆಯ ಅಂಗಿ ತೊಟ್ಟು, ತಲೆಗೆ ಟವೆಲ್ ಸುತ್ತಿ, ಬಗ್ಗಿ ಕಡಲೆ ಕೀಳುವ ಕೂಲಿಯಾಳು. ಸಾಲು ಹಿಡಿದರೆ ಬದಿಯವರಿಗಿಂತ ನಾಲ್ಕು ಮಾರು ಮುಂದೆ, ಮಾತಿಗೆ ನಿಂತರೆ ಹತ್ತು ಮಾರು ಮುಂದೆ. ಕಟ್ಟೆಯ ಮೇಲೆ ಮಾತ್ರ ಅವಳು ಹುಲಿಗೆವ್ವ. ಇಪ್ಪತ್ತಾರು ವರ್ಷದಿಂದ ಹುಲಿಗೆವ್ವ. ಅದಕ್ಕೂ ಮುಂಚೆ ಗಂಡಸರೇ ಮೀಸೆ ಬೋಳಿಸಿಕೊಂಡು ಆ ಪಾತ್ರ ಕಟ್ಟುತ್ತಿದ್ದರು. ಒಂದು ವರ್ಷ ಪಾತ್ರದವನಿಗೆ ಗಂಟಲು ಕಟ್ಟಿತು. ಹಿಮ್ಮೇಳದಲ್ಲಿ ಚರ್ಮದ ದಪ್ಪು ಬಡಿಯುತ್ತಿದ್ದ ಕರಿಯವ್ವನ ಗಂಡ ಪರಶಪ್ಪ, "ನನ್ನ ಹೇಣ್ತಿಗೆ ಎಲ್ಲಾ ಪದಾ ಬರತಾವ್ರಿ" ಎಂದು ಬಾಯಿ ಬಿಟ್ಟ. ಊರು ಮುಸಿಮುಸಿ ನಕ್ಕಿತು. ಬೆಳಗಾಗುವಷ್ಟರಲ್ಲಿ ನಗುವವರು ಒಬ್ಬರೂ ಉಳಿದಿರಲಿಲ್ಲ. ಆಮೇಲೆ ಆ ಪಾತ್ರವನ್ನು ಬೇರೆ ಯಾರೂ ಕೇಳಲಿಲ್ಲ, ಕೇಳಿದ್ದರೂ ಕರಿಯವ್ವ ಕೊಡುತ್ತಿರಲಿಲ್ಲ.

ಹುಲಿಗೆವ್ವನ ಆಟ ರಾಜ-ರಾಣಿಯರ ಕಥೆಯಲ್ಲ. ಪುರ್ತಗೇರಿಯದೇ ಕಥೆ, ಮೂರು ತಲೆಮಾರಿನ ಹಿಂದಿನದು. ಹುಲಿಗೆವ್ವ ಕರಿಯವ್ವನ ಅಜ್ಜನ ಅಕ್ಕ. ಊರ ದೊಡ್ಡ ಮನೆಗೆ ವಾಡೆ ಎನ್ನುತ್ತಾರೆ. ಅಲ್ಲಿ ಬೀಸುವ, ಕುಟ್ಟುವ ಕೆಲಸಕ್ಕಿದ್ದವಳು. ಒಂದು ದಿನ ವಾಡೆಯ ಬೋರಮಾಳ ಸರ ಕಾಣೆಯಾಯಿತು. ತೆಗೆದವನು ವಾಡೆಯ ಧಣಿಯ ಸ್ವಂತ ತಮ್ಮ. ಅದು ಧಣಿಗೂ ಗೊತ್ತಿತ್ತು. ಆದರೂ ಚಾವಡಿಯಲ್ಲಿ ಕೂಡಿದವರ ಎದುರು ಹುಲಿಗೆವ್ವನನ್ನು ಕಳ್ಳಿ ಎಂದು ನಿಲ್ಲಿಸಿದರು. ಅವಳು ಮೂರು ಸಲ ಕೇಳಿದಳು: ನನ್ನ ತಪ್ಪೇನು, ಒಬ್ಬರಾದರೂ ಹೇಳಿರಿ. ಧಣಿ ಬಾಯಿಗೆ ಬೀಗ ಹಾಕಿಕೊಂಡು ಕೂತ. ಅವನೇ ಸುಮ್ಮನಿದ್ದ ಮೇಲೆ ಉಳಿದವರ ಪಾಡೇನು? ಮರುದಿನ ಬೆಳಗಾಗುತ್ತಲೇ ಹುಲಿಗೆವ್ವ ಊರ ಮುಂದಿನ ಬಾವಿಗೆ ಹಾರಿದಳು. ತಿಂಗಳೊಪ್ಪತ್ತಿನಲ್ಲಿ ಸರ ತಮ್ಮನ ಪೆಟ್ಟಿಗೆಯಲ್ಲಿ ಸಿಕ್ಕಿತು.

ಆ ಪಾಪ ಊರನ್ನು ಸುಮ್ಮನೆ ಬಿಡಲಿಲ್ಲ. ಹುಲಿಗೆವ್ವನ ಕೇರಿಯವರು ಅವಳ ಮೇಲೆ ಹಾಡು ಕಟ್ಟಿದರು, ಹಾಡು ಬೆಳೆದು ಆಟವಾಯಿತು. ಆಟಕ್ಕೆ ಒಂದು ಕಟ್ಟಳೆ ಹಾಕಿದರು, ವಾಡೆಯವರು ಅದಕ್ಕೆ ತಲೆಬಾಗಿ ಒಪ್ಪಿದರು. ವರ್ಷಕ್ಕೊಂದು ಸಲ, ಕಡಲೆ ರಾಶಿ ಮುಗಿದ ಮೇಲೆ ಆಟ. ರಾತ್ರಿ ಶುರುವಾದರೂ ಹುಲಿಗೆವ್ವ ಚಾವಡಿಗೆ ಬಂದು ನಿಲ್ಲುವ ಭಾಗ ಬೆಳಕು ಹರಿದ ಮೇಲೇ ನಡೆಯಬೇಕು, ಉತ್ತರ ಕೊಡುವವನ ಮುಖ ಊರಿಗೆಲ್ಲ ಕಾಣಬೇಕು. ಕೂಡಿದ ಜನಕ್ಕೆ ಈ ಕಡೆ ದೈವ ಎನ್ನುತ್ತಾರೆ. ಅವಳು ದೈವಕ್ಕೆ ಮೂರು ಸಲ ಕೇಳುತ್ತಾಳೆ. ಮೂರನೆಯ ಸಲಕ್ಕೆ ವಾಡೆಯ ಹಿರಿಯ ಎದ್ದು ನಿಂತು, ಹೆಗಲ ಮೇಲಿನ ವಸ್ತ್ರ ತೆಗೆದು, "ತಪ್ಪು ನಿಂದಲ್ಲವ್ವಾ, ನಮ್ಮ ಮನಿದು" ಅನ್ನಬೇಕು. ಹಾಗಂದ ಮೇಲೇ ದಪ್ಪಿಗೆ ಪೆಟ್ಟು, ಹಾರ್ಮೋನಿಯಂ ಪೇಟಿಗೆ ಗಾಳಿ. ಅಲ್ಲಿಯ ತನಕ ಹಿಮ್ಮೇಳ ಕೈಕಟ್ಟಿ ಕೂತಿರಬೇಕು, ಪಾತ್ರದವಳು ಮುಖದ ಬಣ್ಣ ತೊಳೆಯುವಂತಿಲ್ಲ. ಉತ್ತರ ಬಂದಿತೆಂದರೆ ಆಟದ ಹುಲಿಗೆವ್ವ ಬಾವಿಗೆ ಹೋಗುವುದಿಲ್ಲ, ಸೆರಗು ಕೊಡವಿಕೊಂಡು ತನ್ನ ಮನೆಗೆ ಹೋಗುತ್ತಾಳೆ.

ಇಪ್ಪತ್ತೈದು ವರ್ಷ ಆ ಉತ್ತರ ಕೊಟ್ಟವರು ವಾಡೆಯ ಗುರುಸಂಗಪ್ಪನವರು. ಅವರೇನು ಸಾಧು ಸಂತರಲ್ಲ. ವರ್ಷವೆಲ್ಲ ಆಳುಗಳ ಮೇಲೆ ಒದರುವ ಗಂಟಲು ಅವರದು. ಕರಿಯವ್ವನಿಗೂ ಅವರಿಗೂ ಹೊಲದ ಬದುವಿನ ಮೇಲೆ ಎಷ್ಟು ಸಲ ಜಟಾಪಟಿಯಾಗಿದೆಯೋ ಲೆಕ್ಕವಿಲ್ಲ. ಆದರೆ ವರ್ಷದ ಆ ಒಂದು ಬೆಳಗ್ಗೆ ಅವರು ಚಪ್ಪಲಿ ಕಳಚಿಟ್ಟು ಎದ್ದು ನಿಲ್ಲುತ್ತಿದ್ದರು. ಒಂದು ವರ್ಷ ಜ್ವರ ಬಂದು ಮಲಗಿದ್ದರು, ಹೆಂಡತಿ ಬಾಳವ್ವ ಬೇಡವೆಂದರೂ ಕಂಬಳಿ ಹೊದ್ದು ಬಂದು ನಿಂತು ಹೇಳಿ ಹೋಗಿದ್ದರು. ಕರಿಯವ್ವ ಅವರನ್ನು ಬಯ್ಯುವಾಗಲೂ ಅದೊಂದು ಮಾತನ್ನು ಬಿಟ್ಟು ಬಯ್ಯುತ್ತಿದ್ದಳು.

ಎರಡು ವರ್ಷದ ಹಿಂದೆ ಹುಬ್ಬಳ್ಳಿಯಿಂದ ಒಬ್ಬ ಡೈರೆಕ್ಟರ್ ಬಂದ. ಗಡ್ಡ ಬಿಟ್ಟಿದ್ದ, ಕೈಮುಗಿದು ಮಾತಾಡುತ್ತಿದ್ದ. "ಅಮ್ಮಾ, ನಿಮ್ಮ ಆಟ ಇಡೀ ರಾಜ್ಯ ನೋಡಬೇಕು" ಅಂದ. ಕರಿಯವ್ವ ಕರಗಿ ನೀರಾದಳು. ನಾಲ್ಕು ದಿನ ಜೋಳದ ರೊಟ್ಟಿ, ಶೇಂಗಾ ಚಟ್ನಿ ಹಾಕಿ, ಒಂದೊಂದೇ ಪದ ಹಾಡಿ ಮೊಬೈಲಿಗೆ ತುಂಬಿಸಿದಳು. ಯಾವ ಮಾತಿಗೆ ದಪ್ಪು ಏಳುತ್ತದೆ, ಯಾವ ಮಾತಿಗೆ ನಿಲ್ಲುತ್ತದೆ, ದೈವ ಹೇಗೆ ಉತ್ತರ ಕೊಡುತ್ತದೆ, ಸರ ಕದ್ದವನು ಯಾರು, ಸುಮ್ಮನಿದ್ದವನು ಯಾರು, ಎಲ್ಲವನ್ನೂ ತನ್ನ ಬಾಯಿಂದಲೇ ಹೇಳಿದಳು. ಈಗ ಅದನ್ನು ನೆನೆದರೆ ತನ್ನ ನಾಲಿಗೆಯನ್ನೇ ಕಚ್ಚಿಕೊಳ್ಳುವಷ್ಟು ಸಿಟ್ಟು ಬರುತ್ತದೆ ಅವಳಿಗೆ.

ಶೂಟಿಂಗಿಗೆ ವಾಡೆಯನ್ನು ಬಿಟ್ಟುಕೊಟ್ಟವನು ಗುರುಸಂಗಪ್ಪನವರ ಮಗ ಅನಿಲಕುಮಾರ. ಅವನು ಗಜೇಂದ್ರಗಡದಲ್ಲಿ ಸೀರೆ ಅಂಗಡಿ ಇಟ್ಟವನು, ಊರಿಗೆ ಬರುವುದು ಹಬ್ಬಕ್ಕೆ ಮಾತ್ರ. ಸಿನಿಮಾಕ್ಕೆ ಅವನೂ ಒಬ್ಬ ನಿರ್ಮಾಪಕನಾದ. ಗುರುಸಂಗಪ್ಪನವರು ಆಗಲೇ ಹಾಸಿಗೆ ಹಿಡಿದಿದ್ದರು, ಹೋದ ವರ್ಷದ ಆಟಕ್ಕೂ ಎರಡು ಆಳಿನ ಆಸರೆ ಹಿಡಿದು ಬಂದು ಉತ್ತರ ಹೇಳಿ ಹೋಗಿದ್ದರು, ಸಿನಿಮಾ ತೆರೆಗೆ ಬರುವ ಮೊದಲೇ ತೀರಿಹೋದರು. ಪರಶಪ್ಪ ಅವರ ಹೆಣದ ಮುಂದೆ ದಪ್ಪು ಬಡಿದ.

ಗಜೇಂದ್ರಗಡದ ಟಾಕೀಸಿಗೆ ಸಿನಿಮಾ ಬಂದ ಮೊದಲ ದಿನ ಪುರ್ತಗೇರಿಯಿಂದ ಐದು ಟಂಟಂ ತುಂಬ ಜನ ಹೋದರು. ಕರಿಯವ್ವ ಇಳಕಲ್ ಸೀರೆ ಉಟ್ಟು, ಎಣ್ಣೆ ಹಚ್ಚಿ ಬಾಚಿಕೊಂಡು, ಮಗಳು ರೂಪಾಳ ಪಕ್ಕ ಕೂತಳು. ಪರದೆಯ ಮೇಲೆ ಹೆಸರು ಬಂತು: 'ಹುಲಿಗಿ: ಒಂದು ಪ್ರೇಮಕಥೆ'.

"ಪ್ರೇಮಾ? ಯಾರ ಪ್ರೇಮಾ?" ಅಂದಳು ಕರಿಯವ್ವ.

"ಸುಮ್ಮ ಕುಂಡ್ರಬೇ, ನೋಡೂಣು" ಅಂದಳು ರೂಪಾ.

ನೋಡಿದರು. ಏನು ನೋಡುವುದು? ಕೆಂಪನೆಯ ಹುಡುಗಿ, ಬೀಸುಕಲ್ಲಿನ ಮುಂದೆ ಕೂತರೆ ಕೈಬಳೆ ಸಪ್ಪಳವಾಗುತ್ತದೆಯೇ ಹೊರತು ಒಂದು ಕಾಳು ನುಚ್ಚಾಗುವುದಿಲ್ಲ. ವಾಡೆಯ ತಮ್ಮ, ಆ ಕಳ್ಳ, ಇಲ್ಲಿ ಕುದುರೆ ಹತ್ತಿದ ಚೆಲುವ! ಸರ ಅವನು ಕದ್ದದ್ದಲ್ಲವಂತೆ, ಪ್ರೀತಿಗೆ ಆ ಹುಡುಗಿಗೆ ಕಾಣಿಕೆ ಕೊಟ್ಟದ್ದಂತೆ. ಅವಳ ಹತ್ತಿರದಿಂದ ಕದ್ದವಳು ಯಾರು ಗೊತ್ತೇ? ಕೆಂಚಿ ಎಂಬ ಒಬ್ಬಳು. ಆಟದಲ್ಲಿ ಇಲ್ಲವೇ ಇಲ್ಲ ಅಂಥ ಪಾತ್ರ. ಹುಲಿಗೆವ್ವನ ಕೇರಿಯವಳೇ, ಹೊಟ್ಟೆಕಿಚ್ಚಿನವಳು, ಹುಲಿಗೆವ್ವನ ಮೇಲೆ ಕಳ್ಳತನ ಹೊರಿಸಿದವಳು. ಧಣಿಯೋ ದೇವರಂಥವನು, ಕಂಬ ಹಿಡಿದು ಅಳುತ್ತಾನೆ. ವಾಡೆಯವರ ತಪ್ಪನ್ನು ಎತ್ತಿ ಕೇರಿಯವರ ತಲೆಗೆ ಕಟ್ಟಿದ್ದರು. ಕರಿಯವ್ವನ ಮೈ ಉರಿದುಹೋಯಿತು.

ಹಾಡುಗಳು ಅವಳವೇ. ಆದರೆ ಆಟದಲ್ಲಿ ಒಂದು ಸಾಲು ಹಾಡಿದರೆ ಹಿಮ್ಮೇಳ ಆ ಸಾಲಿನ ತುದಿಯನ್ನು ಹಿಡಿದು ತಿರುಗಿ ಎತ್ತುತ್ತದೆ, ಅಷ್ಟರಲ್ಲಿ ಕೇಳುವವರಿಗೆ ಉಸಿರು ತೆಗೆದುಕೊಳ್ಳಲು ವೇಳೆ ಸಿಗುತ್ತದೆ, ಅಳಲು ವೇಳೆ ಸಿಗುತ್ತದೆ. ಸಿನಿಮಾದಲ್ಲಿ ನೂರು ಪಿಟೀಲು ಒಟ್ಟಿಗೆ ಕಿರುಚಿ ಮಾತನ್ನೇ ನುಂಗಿಹಾಕಿದವು.

ಕಡೆಗೆ ಚಾವಡಿಯ ದೃಶ್ಯ ಬಂತು. ನಡುರಾತ್ರಿಯ ಮಳೆಯಲ್ಲಿ! ಒಬ್ಬರ ಮುಖ ಒಬ್ಬರಿಗೆ ಕಾಣುವಂತಿಲ್ಲ. ಆ ಹುಡುಗಿ ಒಂದೇ ಒಂದು ಸಲ ಕೇಳಿದಳು: "ನನ್ನ ತಪ್ಪೇನು?" ಆಗ ನೋಡಿ, ಟಾಕೀಸಿನಲ್ಲಿ ಒಂದು ವಿಚಿತ್ರ ನಡೆಯಿತು. ಪುರ್ತಗೇರಿಯ ಅರವತ್ತು ತಲೆ, ಯಾರೂ ಹೇಳದೆಯೇ, ಹಿಂದಕ್ಕೆ ತಿರುಗಿದವು. ಹಿಂದೆ ಬಾಲ್ಕನಿಯಲ್ಲಿ ಅನಿಲಕುಮಾರ ಬಿಳಿ ಅಂಗಿ ತೊಟ್ಟು ಕೂತಿದ್ದ. ಅಪ್ಪ ಹೋದ ಮೇಲೆ ವಾಡೆಯ ಹಿರಿಯ ಅವನೇ ತಾನೆ? ಅಮೋಘಸಿದ್ದ ಎಂಬ ಎಂಬತ್ತರ ಮುದುಕ ಎದ್ದು ನಿಂತು, ಕೈಯೆತ್ತಿ, "ಸಾವ್ಕಾರ್ರ, ಏಳ್ರಿ! ಕೇಳಾಕತ್ತಾಳ ನೋಡ್ರಿ! ಲಗೂ ಹೇಳ್ರಿ, ಬಾವಿಗೆ ಹೋಗ್ತಾಳ!" ಎಂದು ಕೂಗಿದ.

ಟಾಕೀಸು ಹೊಟ್ಟೆ ಹಿಡಿದುಕೊಂಡು ನಕ್ಕಿತು. ಶಿಳ್ಳೆ ಹಾಕಿದರು. ಅನಿಲಕುಮಾರ ಬಾಯಿಗೆ ಕರ್ಚೀಫು ಒತ್ತಿಕೊಂಡು ನಕ್ಕ. ಪರದೆಯ ಮೇಲಿನ ಹುಡುಗಿ ಯಾರಿಗೂ ಕಾಯಲಿಲ್ಲ, ಓಡಿ ಬಾವಿಗೆ ಹಾರಿದಳು. ಹಿಂದೆಯೇ ಕುದುರೆಯವನೂ ಹಾರಿದ. ಅಮೋಘಸಿದ್ದ, "ಯಾರೂ ಹೇಳ್ಲೇ ಇಲ್ಲಲ್ಲೋ" ಎನ್ನುತ್ತ ಪೆಚ್ಚಾಗಿ ಕೂತ. ಕಣ್ಣಲ್ಲಿ ನೀರಿತ್ತು.

"ನಗತೀರೇನ್ರೋ!" ಕರಿಯವ್ವ ಬೆಂಚಿನ ಮೇಲೆ ಹತ್ತಿಯೇ ಬಿಟ್ಟಳು. "ಆ ಮುತ್ಯಾಗ ಇರೂವಷ್ಟು ಮಾನಾ ನಿಮಗೈತೇನು? ಒಂದ ಹೆಣ್ಣಮಗಳು ಸಾಯೂಮುಂದ ಶಿಳ್ಳಿ ಹಾಕ್ತೀರಿ, ನಾಚಿಕಿ ಇಲ್ಲದವರ!" ರೂಪಾ ಸೆರಗು ಜಗ್ಗಿ ಇಳಿಸುವಷ್ಟರಲ್ಲಿ ಹತ್ತು ಮೊಬೈಲುಗಳು ಅವಳ ಕಡೆ ತಿರುಗಿದ್ದವು.

ಸಿನಿಮಾ ಮುಗಿಯಿತು, ಪೀಡೆ ಮುಗಿಯಲಿಲ್ಲ. ಅದರ ಹಾಡು ಆಟೋದಲ್ಲಿ, ಮದುವೆಯಲ್ಲಿ, ಸಾಲೆಯ ಗ್ಯಾದರಿಂಗಿನಲ್ಲಿ. ಹೋಗಲಿ ಎನ್ನಬಹುದಿತ್ತು. ಆದರೆ ಕೆಂಚಿ ಎಂಬ ಹೆಸರೂ ಅದರ ಜೊತೆಗೇ ಓಡಾಡಿತು. ರೂಪಾ ಸೀರೆ ಮಡಿಸುವ ಕೆಲಸಕ್ಕಿದ್ದದ್ದು ಅನಿಲಕುಮಾರನ ಅಂಗಡಿಯಲ್ಲೇ. ಒಂದು ದಿನ ಗಿರಾಕಿಯೊಬ್ಬಳ ಪರ್ಸು ಕಾಣಲಿಲ್ಲ. "ಆಕಿ ಪುರ್ತಗೇರಿಯಾಕಿ ಅಲ್ಲಾ? ಕೆಂಚಿ ಕೇರಿಯಾಕಿ? ಆಕಿನ್ನ ಮೊದಲ ಕೇಳ್ರಿ" ಎಂದು ಯಾರೋ ನಗುತ್ತ ಅಂದರು. ನಗುತ್ತಲೇ ರೂಪಾಳ ಚೀಲ ಬಿಚ್ಚಿಸಿ ನೋಡಿದರು. ಪರ್ಸು ಗಿರಾಕಿಯ ಸ್ಕೂಟಿಯ ಡಿಕ್ಕಿಯಲ್ಲಿತ್ತು. ರೂಪಾ ಮನೆಗೆ ಬಂದು ಊಟ ಮಾಡದೆ ಗೋಡೆ ಕಡೆ ಮುಖ ಮಾಡಿ ಮಲಗಿದಳು, ಬೆಳಗಾದರೆ ಮತ್ತೆ ಅದೇ ಅಂಗಡಿಗೆ ಹೋಗಬೇಕಿತ್ತು. ಸಿನಿಮಾ ನೋಡಿ ಬಂದಾಗ "ಅದ ಬರೇ ಸಿನಿಮಾ ಬಿಡಬೇ" ಅಂದಿದ್ದವಳು ಅವಳೇ. ಕರಿಯವ್ವ ಆ ಮಾತನ್ನು ನೆನಪಿಸಲಿಲ್ಲ. ನೂರು ವರ್ಷದ ಹಿಂದೆ ಹುಲಿಗೆವ್ವನ ಮೇಲೆ ಹೊರಿಸಿದ್ದನ್ನೇ ಈಗ ತನ್ನ ಮಗಳ ಚೀಲದಲ್ಲಿ ಹುಡುಕುತ್ತಿದ್ದಾರಲ್ಲ ಎಂದು ಹಲ್ಲು ಕಡಿದಳು.

ಈ ವರ್ಷದ ಆಟಕ್ಕೆ ವಾರ ಇರುವಾಗ ಅನಿಲಕುಮಾರ ಕಾರಿನಲ್ಲಿ ಬಂದು ಅವಳ ಮನೆಯ ಕಟ್ಟೆಯ ಮುಂದೆ ನಿಂತ.

"ಕರಿಯವ್ವ, ಈ ಸಲ ಆಟ ದೊಡ್ಡದು ಮಾಡೂಣು. ಹೊರಗಿಂದ ಜನಾ ಬರ್ತಾರ. ಪರದಿ ಹಾಕಸ್ತೀನಿ, ಮಳಿ ಮಷಿನ್ ತರಸ್ತೀನಿ. ಕಡೀಕ ಮಾತ್ರ ಸಿನಿಮಾದಾಗಿನಂಗ ಇರ್ಲಿ. ಆ ಕೇಳೂದು, ಹೇಳೂದು, ಕೈಬಿಡು."

"ಯಾಕ್ರಿ?"

"ಜನಾ ಸಿನಿಮಾ ನೋಡ್ಯಾರ. ಅವರಿಗೆ ಅದ ಬೇಕು."

"ಜನರಿಗೆ ಬೇಕೋ, ನಿಮಗ ಬೇಕೋ?" ಕರಿಯವ್ವ ಮೊರದಲ್ಲಿದ್ದ ಕಡಲೆಯನ್ನು ಕೆಳಗಿಟ್ಟಳು. "ನಿಮ್ಮ ಅಪ್ಪಾರು ಇಪ್ಪತ್ತೈದ ವರ್ಷ ಎದ್ದು ನಿಂತ ಹೇಳ್ಯಾರ. ಈ ಸಲ ಪಾಳಿ ನಿಮ್ದು. ಅದಕ್ಕ ಮಳಿ ಮಷಿನ್ ತರಾಕತ್ತೀರಿ."

"ಯಾವ ಕಾಲದ ಮಾತು ಅದು! ನಾ ಹುಟ್ಟಿದ್ನೇನು ಆವಾಗ?"

"ನಾನೂ ಹುಟ್ಟಿರ್ಲಿಲ್ರಿ. ಆದ್ರೂ ನನ್ನ ಮಗಳ ಚೀಲಾ ಬಿಚ್ಚಿಸಿದ್ರಿ."

ಅನಿಲಕುಮಾರ ಕಾರಿನ ಬಾಗಿಲನ್ನು ದಡಾರನೆ ಎಳೆದುಕೊಂಡು ಹೋದ. ಪರಶಪ್ಪ, "ಸ್ವಲ್ಪ ಮೆತ್ತಗ ಹೇಳಬಾರದಿತ್ತೇನ?" ಅಂದ. "ಮೆತ್ತಗ ಹೇಳಾಕ ನಾ ಏನ್ ಬೆಣ್ಣಿ ಮಾರಾಕ ಕುಂತೀನೇನು?" ಎಂದು ಅವನ ಮೇಲೂ ಹಾರಿದಳು ಕರಿಯವ್ವ.

ಆಟ ಹಳೆಯ ಕಟ್ಟಳೆಯಂತೆಯೇ ನಡೆಯಿತು. ಜನ ಮಾತ್ರ ಎಂದೂ ಇಲ್ಲದಷ್ಟು: ಸೂಡಿಯವರು, ರೋಣದವರು, ನರಗುಂದದಿಂದ ಬೈಕಿನ ಮೇಲೆ ಬಂದವರು. ಬೆಳ್ಳಗೆ ಬೆಳಕು ಹರಿಯಿತು. ಮುಖಕ್ಕೆ ಅರದಾಳದ ಹಳದಿ ಬಣ್ಣ, ಹಣೆಗೆ ದೊಡ್ಡ ಕುಂಕುಮ, ಹಸಿರು ಸೀರೆ ಉಟ್ಟ ಕರಿಯವ್ವ ಕಟ್ಟೆಯ ಅಂಚಿಗೆ ಬಂದಳು. ದಪ್ಪು ನಿಂತಿತು.

"ಕೂಡಿದ ದೈವದವರ, ನನ್ನ ತಪ್ಪೇನ್ರಿ?"

ಮುಂದೆ ಕೂತವರು ಮೊಬೈಲು ಎತ್ತಿದರು. ಎರಡನೆಯ ಸಲ ಕೇಳಿದಳು. ಗದ್ದಲ ಅಡಗಿತು. ಅನಿಲಕುಮಾರ ಕುರ್ಚಿಯ ಮೇಲೆ ಕಾಲಿನ ಮೇಲೆ ಕಾಲು ಹಾಕಿ ಕೂತಿದ್ದ. ಮೂರನೆಯ ಸಲ ಕೇಳಿದಳು. ಅವನು ಎದ್ದ. ಎಷ್ಟಾದರೂ ಗುರುಸಂಗಪ್ಪನವರ ಮಗ ಅಂದುಕೊಂಡಳು ಕರಿಯವ್ವ. ಅನಿಲಕುಮಾರ ಪ್ಯಾಂಟಿನ ಧೂಳು ಕೊಡವಿ, ಜನರ ನಡುವೆ ದಾರಿ ಮಾಡಿಕೊಂಡು ಹೋಗಿ ಕಾರು ಹತ್ತಿದ. ಕಾರು ಗಜೇಂದ್ರಗಡದ ಹಾದಿ ಹಿಡಿಯಿತು.

ಅಂಥದ್ದು ಪುರ್ತಗೇರಿಯಲ್ಲಿ ಎಂದೂ ನಡೆದಿರಲಿಲ್ಲ. ಪೇಟಿಯವನು ಕರಿಯವ್ವನ ಮುಖ ನೋಡಿದ. ಹೊರಗಿನಿಂದ ಬಂದವರು "ಮುಗೀತೇನ್ರಿ?" ಎಂದು ಕೇಳುತ್ತ ಚಾದರ ಮಡಚತೊಡಗಿದರು. ಪರಶಪ್ಪ, "ಮುಖಾ ತೊಳಕೊ. ಆತು, ಅಷ್ಟ" ಅಂದ.

"ಏನ್ ಆತು? ಏನೂ ಆಗಿಲ್ಲ" ಅಂದಳು ಕರಿಯವ್ವ. "ಆಟ ಮುಗದಿಲ್ಲ. ದಪ್ಪು ತಗೊಂಡ ನಡಿ."

"ಎಲ್ಲಿಗೆ?"

"ದೈವಾ ಎದ್ದ ಹೋತು. ಅದ ಎಲ್ಲಿಗೆ ಹೋತೋ ಅಲ್ಲಿಗೆ."

ಒಂಬತ್ತೂವರೆಯ ಬಸ್ಸಿಗೆ ಇಬ್ಬರೂ ಹತ್ತಿದರು. ಬಸ್ಸಿನ ಜನ ಬಾಯಿ ಬಿಟ್ಟುಕೊಂಡು ನೋಡಿದರು. ಹೆಂಗಸರ ಉಚಿತ ಟಿಕೀಟಿಗೆ ಕಂಡಕ್ಟರ್ ಆಧಾರ್ ಕಾರ್ಡು ಕೇಳಿದ, ಕಾರ್ಡನ್ನೊಮ್ಮೆ, ಹಳದಿ ಮುಖವನ್ನೊಮ್ಮೆ ನೋಡಿ, "ಇದು ನೀವ ಏನಬೇ?" ಅಂದ.

"ಉತ್ತರಾ ಸಿಕ್ಕ ಮ್ಯಾಲ ಮುಖಾ ತೊಳದ ತೋರಸ್ತೀನಿ, ಟಿಕೀಟ್ ಹರಿ" ಅಂದಳು. ಅವನು ಟಿಕೀಟು ಹರಿದು ಕೊಟ್ಟು ಮುಂದೆ ಸರಿದ. ಪರಶಪ್ಪ ದಪ್ಪನ್ನು ಬಗಲಲ್ಲಿ ಅವುಚಿಕೊಂಡು, ಬಸ್ಸು ಕುಲುಕಿದಾಗ ಎಲ್ಲಿ ಸಪ್ಪಳವಾದೀತೋ ಎಂದು ಅಂಗೈಯಿಂದ ಅದರ ಚರ್ಮವನ್ನು ಒತ್ತಿ ಹಿಡಿದಿದ್ದ.

ಬಸ್ ನಿಲ್ದಾಣದಿಂದ ಬಜಾರಿನ ತನಕ ಹಿಂದೆ ಜನ ಕೂಡುತ್ತ ಬಂದರು. ಮೊದಮೊದಲು ಸಿನಿಮಾದ ಪ್ರಚಾರ ಎಂದುಕೊಂಡು ನಗುತ್ತಿದ್ದರು. ಕರಿಯವ್ವ ನೆಟ್ಟಗೆ ಹೋಗಿ ಅನಿಲಕುಮಾರನ ಅಂಗಡಿಯ ಮೆಟ್ಟಿಲ ಮುಂದೆ ನಿಂತಳು. ಒಳಗೆ ಅವನು ಗಾದಿಯ ಮೇಲೆ ಕೂತು ಯಾರಿಗೋ ಸೀರೆ ತೋರಿಸುತ್ತಿದ್ದ. ಪಕ್ಕದಲ್ಲಿ ಕಾಲೇಜಿಗೆ ಹೋಗುವ ಮಗಳು ಐಶ್ವರ್ಯಾ. ಮೂಲೆಯಲ್ಲಿ ಸೀರೆ ಮಡಿಸುತ್ತಿದ್ದ ರೂಪಾ ಅವ್ವನನ್ನು ನೋಡಿ ಬೆಚ್ಚಿಬಿದ್ದಳು.

"ಅವ್ವಾ! ಇಲ್ಲಿಗ್ಯಾಕ ಬಂದಿ? ನನ್ನ ಕೆಲಸಾ ಹೋಗತೈತಬೇ!"

"ಕೆಲಸಾ ಬ್ಯಾರೆ ಸಿಗತೈತಿ" ಎಂದ ಕರಿಯವ್ವ ಮಗಳನ್ನು ದಾಟಿ ನೋಡಿದಳು. "ಸಾವ್ಕಾರ್ರ, ನನ್ನ ತಪ್ಪೇನ್ರಿ?"

ಅನಿಲಕುಮಾರನ ಮುಖ ಕೆಂಪಾಯಿತು. "ಏನ್ ಹುಚ್ಚ ಹಿಡದೈತೇನ ನಿನಗ? ಆಟ ಊರಾಗ ಮುಗೀತು. ಇದು ಯಾಪಾರದ ಜಾಗಾ."

"ಮುಗದಿಲ್ರಿ. ನೋಡ್ರಿ, ಬಣ್ಣಾ ಹಂಗ ಐತಿ."

"ಒಂದ ಸೀರಿ ಕೊಡಸ್ತೀನಿ, ತಗೊಂಡ ಹೋಗು."

"ನಿಮ್ಮ ಮನಿತನ ಸುಮ್ಮ ಕುಂತು ಒಂದ ಜೀವಾ ತಗೀತು. ಅದಕ್ಕ ಒಂದ ಸೀರಿ ಏನ್ರಿ?" ಕರಿಯವ್ವನ ದನಿ ಬಜಾರಿನ ಆ ತುದಿಗೆ ಕೇಳುತ್ತಿತ್ತು. ರಾತ್ರಿಯೆಲ್ಲ ಹಾಡಿದ ಗಂಟಲು ಒಡೆದಿತ್ತು, ಆದರೂ ಕೇಳುತ್ತಿತ್ತು. "ಸಿನಿಮಾದಾಗ ಕಳ್ಳನ್ನ ಕುದರಿ ಮ್ಯಾಲ ಕುಂದರಿಸಿದ್ರಿ. ನಮ್ಮ ಕೇರ್ಯಾಗ ಇಲ್ಲದ ಒಬ್ಬಾಕಿನ್ನ ಹುಟ್ಟಿಸಿ ಕಳ್ಳಿ ಮಾಡಿದ್ರಿ. ಆತು, ಅದ ನಿಮ್ಮ ರೊಕ್ಕದ ಸಿನಿಮಾ. ಆದ್ರ ಆಟ ನಿಮ್ದಲ್ಲ. ಆಟದಾಗ ನಾ ಕೇಳೀನಿ. ಎರಡನೇ ಸಲ ಕೇಳ್ತೀನಿ: ನನ್ನ ತಪ್ಪೇನ್ರಿ?"

"ನಮ್ಮಪ್ಪ ಹೇಳತಿದ್ದದ್ದು ಬರೇ ಆಟದ ಮಾತು!" ಅನಿಲಕುಮಾರ ಒದರಿದ. "ಬಾಯಿಪಾಠದ ಮಾತು! ಅದನ್ನ ಹಿಡಕೊಂಡ ಬಜಾರಕ್ಕ ಬರ್ತಿ?"

"ಬರೇ ಆಟದ ಮಾತ ಆಗಿದ್ರ ನಿಮ್ಮ ಗಂಟಲದಾಗ ಯಾಕ್ರಿ ಸಿಗಬಿದ್ದೈತಿ? ಹೇಳಿ ಕೈತೊಳಕೊಳ್ರಲಾ!"

ಕೂಡಿದವರಲ್ಲಿ ನಗುವವರು ಈಗ ಇರಲಿಲ್ಲ. ಸೀರೆ ನೋಡುತ್ತಿದ್ದ ಗಿರಾಕಿ ಸೀರೆಯನ್ನು ಕೆಳಗಿಟ್ಟಳು. ಅನಿಲಕುಮಾರ ಬಾಯಿ ತೆರೆದ, ಮುಚ್ಚಿದ. ಆಟದ ಮಾತಲ್ಲ, ಖರೇ ಮಾತು ಎಂಬುದು ಆ ಮುಚ್ಚಿದ ಬಾಯಿಯಿಂದಲೇ ಎಲ್ಲರಿಗೂ ತಿಳಿಯಿತು.

"ಅಪ್ಪಾ," ಅಂದಳು ಐಶ್ವರ್ಯಾ, "ಸರಾ ಕದ್ದಾಕಿ ಕೆಂಚಿ ಅಲ್ಲೇನು?"

ಅವನು ಮಗಳ ಕಡೆ ನೋಡಲಿಲ್ಲ. ಹುಡುಗಿ ಗಾದಿಯಿಂದಿಳಿದು, ಮೆಟ್ಟಿಲ ತನಕ ಬಂದು ನಿಂತು, "ಆಯೀ, ತಪ್ಪು ನಿಂದಲ್ಲ..." ಎಂದು ಶುರುಮಾಡಿದಳು.

"ಬ್ಯಾಡವ್ವಾ!" ಕರಿಯವ್ವ ಕೈ ಅಡ್ಡ ಹಿಡಿದಳು. ಅಂದಿನ ದಿನ ಮೊದಲ ಸಲ ಅವಳ ದನಿ ಇಳಿಯಿತು. "ನೀ ಹೇಳಬ್ಯಾಡ ನನ್ನ ಮಗಳ. ನೀ ಏನೂ ಮಾಡಿಲ್ಲ. ಗೊತ್ತಿದ್ದೂ ಸುಮ್ಮ ಕುಂತಾವ್ರು ಹೇಳಬೇಕು. ನಿನಗ ಇವತ್ತ ಗೊತ್ತಾತು. ಅವರಿಗೆ ಹುಟ್ಟಿದಾಗಿಂದ ಗೊತ್ತೈತಿ."

ಹುಡುಗಿ ಅಲ್ಲೇ ಮೆಟ್ಟಿಲ ಮೇಲೆ ಕೂತು ಅಳತೊಡಗಿದಳು. ರೂಪಾ ಕೈಯಲ್ಲಿದ್ದ ಸೀರೆಯನ್ನು ಬಿಟ್ಟು ಬಂದು ಅವಳ ಪಕ್ಕ ಕೂತಳು. ಕರಿಯವ್ವ ತಲೆಯೆತ್ತಿದಳು.

"ಮೂರನೇ ಸಲ ಕೇಳ್ತೀನಿ, ಸಾವ್ಕಾರ್ರ. ಇವತ್ತ ಹೇಳದಿದ್ರ ನಾಳೆ ಬರ್ತೀನಿ. ನಾಡದ ಬರ್ತೀನಿ. ಈ ಬಣ್ಣಾ ಚರ್ಮಾ ತಿಂದ್ರೂ ಬರ್ತೀನಿ. ನನ್ನ ತಪ್ಪೇನ್ರಿ?"

ಅನಿಲಕುಮಾರ ಮೆಟ್ಟಿಲ ಮೇಲೆ ಅಳುತ್ತಿದ್ದ ಮಗಳನ್ನು ನೋಡಿದ. ಗಾದಿಗೆ ಕೈಯೂರಿ ಎದ್ದ. ಅಪ್ಪನ ಹಾಗೆ ತೆಗೆಯಲು ಅವನ ಹೆಗಲ ಮೇಲೆ ವಸ್ತ್ರವಿರಲಿಲ್ಲ, ಕೈಗಳಿಗೆ ಏನು ಮಾಡಬೇಕೆಂದು ತಿಳಿಯದೆ ಜೋಡಿಸಿದ.

"ತಪ್ಪು ನಿಂದಲ್ಲವ್ವಾ," ಅಂದ. "ನಮ್ಮ ಮನಿದು."

ಪರಶಪ್ಪನ ಕೈ ದಪ್ಪಿನ ಮೇಲೆ ಹೋಯಿತು. ಕರಿಯವ್ವ ತಿರುಗಿ ನೋಡಿದ್ದಕ್ಕೆ ಅಲ್ಲೇ ನಿಂತಿತು. ಗೆದ್ದವಳ ಮುಖವಾಗಿರಲಿಲ್ಲ ಅದು. ಕಣ್ಣೀರು ಹಳದಿ ಬಣ್ಣವನ್ನು ಸೀಳಿಕೊಂಡು ಗದ್ದದ ತನಕ ಇಳಿದಿತ್ತು.

"ಇಷ್ಟ?" ಅಂದಳು ಅನಿಲಕುಮಾರನಿಗೆ. "ಇಷ್ಟ ಏನ್ರಿ? ನಾಕ ಮಾತು. ಉಸರ ತಗೊಂಡ ಬಿಡೂದ್ರಾಗ ಮುಗೀತು. ಅವತ್ತ ಚಾವಡ್ಯಾಗ ನಿಮ್ಮ ಮುತ್ಯಾ ಈ ನಾಕ ಮಾತ ಅಂದಿದ್ರ, ನಮ್ಮ ಹುಲಿಗೆವ್ವ ಮುದುಕಿ ಆಗಿ, ಮೊಮ್ಮಕ್ಕಳನ್ನ ಎತ್ತಿ ಆಡಿಸಿ, ತನ್ನ ಹಾಸಿಗ್ಯಾಗ ಸಾಯ್ತಿದ್ಲು."